ಬಾಲಯೇಸುಗಳ ಡಾಕ್ಟರಮ್ಮ

ಮೆಕ್ಸಿಕೋ ನಗರದ ಹಳೇ ಪೇಟೆ, ತಲವೇರಾ ಬೀದಿಯಲ್ಲಿ ಒಫೇಲಿಯಾ ಮೂವತ್ತು ವರ್ಷದಿಂದ ಮುರಿದ ಬಾಲಯೇಸು ಬೊಂಬೆಗಳಿಗೆ ಕೈಕಾಲು ಕೂಡಿಸುತ್ತಾಳೆ. ಬಾಲಯೇಸುವನ್ನು ಚರ್ಚಿಗೆ ಒಯ್ಯುವ ಫೆಬ್ರವರಿ ಎರಡರ ಹಬ್ಬಕ್ಕೆ ಮನೆಮನೆಯವರೂ ತಮ್ಮ ಬೊಂಬೆ ಕೂಸನ್ನು ಎದೆಗವಚಿಕೊಂಡು ಬಂದು ಹೊಸ ಅಂಗಿ ತೊಡಿಸಿಕೊಂಡು ಹೋಗುತ್ತಾರೆ. ಒಬ್ಬರ ಕೂಸು ಇನ್ನೊಬ್ಬರ ಮನೆ ಸೇರಿತೆಂದರೆ ಕಸುಬಿನ ಮಾನ ಹೋದಂತೆಯೇ.

ಈ ಸಲ ತರಕಾರಿ ಮಾರುವ ರೆಮೆಡಿಯೋಸ್ ತಂದ ಕೂಸಿನ ಹಳೆ ಅಂಗಿ ಬಿಚ್ಚಿದ ಒಫೇಲಿಯಾಳ ಕೈ ಅಲ್ಲೇ ನಿಂತಿತು. ಬೆನ್ನ ಮೇಲೆ ಮೇಣದಬತ್ತಿ ಸುಟ್ಟ ಕಲೆ. ಅದು ಎದುರುಮನೆ ಚೋಲೆಯ ಕೂಸು. ಹೋದ ವರ್ಷ ತಾನೇ ಕಣ್ತಪ್ಪಿ ಅದಲುಬದಲು ಮಾಡಿ ಕೊಟ್ಟಿದ್ದಳು.

"ಅಕ್ಕಾ, ಇದು ನಿನ್ನ ಕೂಸಲ್ಲ," ಎಂದಳು.

"ಮನೆಗೆ ಒಯ್ದ ದಿನವೇ ಗೊತ್ತಾಯ್ತು ಕಣೇ."

"ಚೋಲೆಗೆ?"

"ಅವಳಿಗೂ ಗೊತ್ತು, ಇಡೀ ಬೀದಿಗೂ ಗೊತ್ತು. ಹೇಳಿದ್ರೆ ನೀನು ಅಂಗಡಿಗೆ ಬೀಗ ಜಡಿದು ಮೂಲೆ ಸೇರ್ತಿದ್ದೆ. ಆಮೇಲೆ ಮುರಿದ ಕೂಸುಗಳನ್ನ ನಿಮ್ಮಜ್ಜ ಬಂದು ಅಂಟಿಸ್ತಿದ್ನಾ? ಅದೂ ಅಲ್ದೆ ಇದು ಬಂದ ಮೇಲೆ ನನ್ನ ಗಂಡ ಕುಡಿಯೋದು ಬಿಟ್ಟ. ನಾನಂತೂ ವಾಪಸ್ ಕೊಡಲ್ಲ."

ಉಪ್ಪುಖಾರವಿಲ್ಲದ ಸುದ್ದಿಯನ್ನೂ ಮಧ್ಯಾಹ್ನದೊಳಗೆ ಮಾರಿ ಮುಗಿಸುವ ಬೀದಿ ಇಡೀ ವರ್ಷ ಬಾಯಿ ಹೊಲಿದುಕೊಂಡಿತ್ತು. ಒಫೇಲಿಯಾ ಬಯ್ಯಲು ಬಾಯಿ ತೆರೆದಳು. ಹಾಗೇ ಸ್ಟೂಲಿನ ಮೇಲೆ ಕುಸಿದಳು. ಕೂಸಿನ ಹೊಸ ಅಂಗಿಯ ಗುಂಡಿಗಳನ್ನು ರೆಮೆಡಿಯೋಸಳೇ ಹಾಕಿಕೊಳ್ಳಬೇಕಾಯಿತು.