ಮೀಟರಣ್ಣನ ಮನೆಯ ಮೀಟರು

ಮೂವತ್ತು ವರ್ಷ ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದಿದವನನ್ನು ಜನ ಮೀಟರಣ್ಣ ಎನ್ನದೆ ಇನ್ನೇನೆಂದಾರು? ಅವನು ಬರಿಯ ಅಂಕಿ ಬರೆದುಕೊಂಡು ಹೋಗುವ ಆಸಾಮಿಯಲ್ಲ. ಬಿಲ್ಲನ್ನು ಕೈಗಿಡುವಾಗ ಜೊತೆಗೊಂದು ಉಪದೇಶವನ್ನೂ ಇಡುತ್ತಿದ್ದ. ಪಡಸಾಲೆಯಲ್ಲಿ ಹಗಲು ಹೊತ್ತು ದೀಪವೇಕೆ, ಇಸ್ತ್ರಿಯನ್ನು ವಾರಕ್ಕೊಮ್ಮೆ ಮಾಡಿದರೆ ಸಾಲದೆ ಎಂದು ಕೇಳುತ್ತಿದ್ದ. ಮೀಟರು ಜಾಸ್ತಿ ಓಡುತ್ತಿದೆ ಎಂದು ಯಾರಾದರೂ ಗೊಣಗಿದರೆ ನಕ್ಕುಬಿಡುತ್ತಿದ್ದ. ಸುಳ್ಳು ಹೇಳುವುದು ಮನೆಯವರು, ಮೀಟರಲ್ಲ ಎಂಬುದು ಅವನ ಸಿದ್ಧಾಂತ.

ಇಂಥವನ ಮನೆಗೇ ಆ ಬೀದಿಯ ಅತಿ ದೊಡ್ಡ ಬಿಲ್ಲು ಬರುತ್ತಿತ್ತು. ತನ್ನ ಮನೆಯ ಮೀಟರನ್ನು ತಾನೇ ಓದಬಾರದೆಂಬ ನಿಯಮವಿದ್ದುದರಿಂದ ಬೇರೆಯವನು ಬಂದು ಓದುತ್ತಿದ್ದ. ಅವನು ಉಪದೇಶ ಮಾಡುತ್ತಿರಲಿಲ್ಲ, ತುಟಿಯಂಚಿನಲ್ಲಿ ನಗುತ್ತಿದ್ದ. ಅದು ಉಪದೇಶಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮನೆ ಅಜ್ಜ ಕಟ್ಟಿಸಿದ್ದು. ಎತ್ತರದ ಸೂರು, ಐದು ಕೋಣೆ. ಕಿಟಕಿಯ ಚೌಕಟ್ಟುಗಳು ಒಣಗಿ ಸೆಟೆದುಕೊಂಡು, ಗೋಡೆಯೊಡನೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮ ಇದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನೂ ಅವನ ತಮ್ಮನನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಚಳಿಗಾಲ ಬಂತೆಂದರೆ ಅವಳ ಮಂಡಿ ಹಿಡಿದುಕೊಳ್ಳುತ್ತಿತ್ತು. ಹೀಟರು ಉರಿಸಿದರೆ ಬಿಲ್ಲು ಕಟ್ಟಲಾಗದು, ಆರಿಸಿದರೆ ಚಿಕ್ಕಮ್ಮ ಏಳಲಾರಳು. ಇದನ್ನು ಕಂಡ ತಮ್ಮ, ಬರುವ ಭಾನುವಾರ ಅವಳನ್ನು ತನ್ನ ಹೊಸ ಫ್ಲ್ಯಾಟಿಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿಬಿಟ್ಟ. ಅಲ್ಲಿ ಗೋಡೆಯೇ ಬೆಚ್ಚಗಿತ್ತು. ಆದರೆ ಬಿಳಿ ಸೋಫಾದ ಮೇಲೆ ಕಾಲು ಮಡಿಸಿ ಕೂರಬೇಕಾದರೂ ಒಬ್ಬರನ್ನು ಕೇಳಬೇಕಿತ್ತು. ಚಿಕ್ಕಮ್ಮನಿಗೆ ಹೋಗಲು ಸುತರಾಂ ಮನಸ್ಸಿರಲಿಲ್ಲ.

ಮೀಟರಣ್ಣ ಮೇಣದಬತ್ತಿ ಹಚ್ಚಿಕೊಂಡು ಗಾಳಿ ಎಲ್ಲೆಲ್ಲಿ ನುಗ್ಗುತ್ತದೆಂದು ಮನೆಯೆಲ್ಲ ಸುತ್ತಿದ. ಮೊದಲ ಕೋಣೆಯಲ್ಲಿ ಜ್ವಾಲೆ ಬಾಗಿತು, ಮೂರನೆಯದರಲ್ಲಿ ಆರಿಹೋಯಿತು. ಇಷ್ಟು ಸಾಕ್ಷಿ ಸಿಕ್ಕ ಮೇಲೆ ಬೇರೆ ಯಾರಾದರೂ ಬಡಗಿಯನ್ನು ಕರೆಯುತ್ತಿದ್ದರು. ಅವನು ಮಾತ್ರ ಯೋಚಿಸಿ ಯೋಚಿಸಿ, ತನ್ನಷ್ಟು ಶಿಸ್ತಿನ ಮನೆಯಲ್ಲಿ ಇಷ್ಟು ಬಿಲ್ಲು ಬರಲು ಸಾಧ್ಯವೇ ಇಲ್ಲ, ಮೀಟರೇ ಕೆಟ್ಟಿರಬೇಕು ಎಂದು ತೀರ್ಮಾನಿಸಿದ. ಮೀಟರು ಪರೀಕ್ಷಿಸಬೇಕೆಂದು ಕೋರುವ, ನೂರಾರು ಜನರಿಗೆ ಬೇಡವೆಂದು ಹೇಳಿದ್ದ ಅರ್ಜಿಯನ್ನು ತನ್ನ ಕಚೇರಿಗೇ ತಾನೇ ಬರೆದು ಕೊಟ್ಟ.

ಶುಕ್ರವಾರ ಪರೀಕ್ಷೆ ಮಾಡುವವನು ಪೆಟ್ಟಿಗೆ ಹಿಡಿದು ಬಂದ. ಒಂದು ಕಾಲದಲ್ಲಿ ಮೀಟರಣ್ಣನ ಹಿಂದೆ ಓಡಾಡಿ ಕೆಲಸ ಕಲಿತವನು. ಸೀಲು ಕತ್ತರಿಸಿ, ತಂತಿ ಸಿಕ್ಕಿಸಿ, ಅರ್ಧ ಗಂಟೆ ಮುಳ್ಳು ನೋಡಿದ. ಆಮೇಲೆ ದನಿ ತಗ್ಗಿಸಿದ.

"ಅಣ್ಣಾ, ಮೀಟರು ಕೆಟ್ಟಿರೋದು ನಿಜ. ಆದ್ರೆ ನೂರಕ್ಕೆ ಹನ್ನೆರಡು ಕಮ್ಮಿ ಓಡ್ತಿದೆ. ಪಾಪ, ಇಷ್ಟು ದಿನ ನಿಮ್ಮ ಕಡೇನೇ ಇತ್ತು."

ಮೀಟರಣ್ಣ ಬಗ್ಗಿ ಮುಳ್ಳನ್ನು ತಾನೇ ಇನ್ನೊಮ್ಮೆ ನೋಡಿದ.

"ಸರಿಯಾಗಿದೆ ಅಂತ ಬರೆದು ಹೊಸ ಸೀಲು ಹಾಕಿ ಹೋಗ್ಲಾ? ಯಾರಿಗೂ ಗೊತ್ತಾಗಲ್ಲ."

ಹೌದು ಎಂದರೆ ಚಿಕ್ಕಮ್ಮ ಉಳಿದಾಳೇನೋ ಎಂಬ ಆಸೆ ಒಂದು ಕ್ಷಣ ಮಿಂಚಿತು. ಆದರೆ ಮೂವತ್ತು ವರ್ಷ ಅಷ್ಟು ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಯಾವ ಬಾಯಲ್ಲಿ ನುಂಗುವುದು?

"ಇರೋದನ್ನ ಇರೋ ಹಾಗೆ ಬರಿ" ಎಂದ. ಸತ್ಯ ನುಡಿದವರಿಗೆ ಆಗುತ್ತದೆನ್ನುವ ನೆಮ್ಮದಿ ಅವನಿಗೇನೂ ಆಗಲಿಲ್ಲ. ಹೊಸ ಮೀಟರು ಗೋಡೆಗೇರಿ, ಬಲು ಚುರುಕಾಗಿ ಓಡತೊಡಗಿತು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಬೈಯಲಿಲ್ಲ. ಐದು ಕೋಣೆಯಲ್ಲಿ ನಾಲ್ಕು ಇರುವುದೇ ಬೀದಿಯನ್ನು ಬೆಚ್ಚಗಿಡುವುದಕ್ಕೆ, ಇನ್ನು ಮೇಲೆ ಬೀದಿ ತನ್ನ ಚಳಿಯನ್ನು ತಾನೇ ನೋಡಿಕೊಳ್ಳಲಿ ಎಂದಷ್ಟೇ ಹೇಳಿ, ಹಾಸಿಗೆ ಸುತ್ತಿ ಚಿಕ್ಕಮ್ಮನ ಕೋಣೆಗೆ ಎಳೆದಳು. ಅದರ ಹಿಂದೆ ಮಗಳ ಪುಸ್ತಕ, ಹೊಲಿಗೆ ಯಂತ್ರ, ಊಟದ ಮೇಜು ಹೊರಟವು. ಮೀಟರಣ್ಣನ ಹಳೆಯ ಯೂನಿಫಾರ್ಮ್ ಕೋಟನ್ನು ಕತ್ತರಿಸಿ ಆ ಕೋಣೆಯ ಕಿಟಕಿಯ ಸಂದಿಗೆ ತುರುಕಿದಳು. ಉಳಿದ ನಾಲ್ಕು ಕೋಣೆಗೆ ಬೀಗ ಬಿತ್ತು. ಮಂಚದ ಮೇಲಿನಿಂದಲೇ ಚಿಕ್ಕಮ್ಮ ಯಾವುದು ಎಲ್ಲಿರಬೇಕೆಂದು ಅಪ್ಪಣೆ ಕೊಡುತ್ತಿದ್ದಳು. ಎಷ್ಟೋ ವರ್ಷದಿಂದ ಅವಳ ದನಿ ಅಷ್ಟು ಗಟ್ಟಿಯಾಗಿರಲಿಲ್ಲ. ನಾಲ್ಕು ಜನರ ಉಸಿರಿಗೇ ಕೋಣೆ ಅರ್ಧ ಬೆಚ್ಚಗಾಗಿ, ಮರುದಿನ ಮಧ್ಯಾಹ್ನ ಹೀಟರನ್ನು ಅವಳೇ ಆರಿಸಲು ಹೇಳಿದಳು.

ಭಾನುವಾರ ತಮ್ಮ ಕಾರು ತಂದ. ಹೊಸ್ತಿಲಲ್ಲೇ ನಿಂತು, ಮೇಜಿನ ಕೆಳಗೆ ಕೂತು ಓದುತ್ತಿದ್ದ ಅಣ್ಣನ ಮಗಳನ್ನೂ, ಮಂಚದ ಕಾಲಿಗೆ ಒರಗಿ ಬಟಾಣಿ ಸುಲಿಯುತ್ತಿದ್ದ ಅಣ್ಣನನ್ನೂ ಬೆರಗಿನಿಂದ ನೋಡಿದ. ಬಟ್ಟೆಬರೆ ಕಟ್ಟಿಕೊಂಡೆಯಾ ಎಂದು ಚಿಕ್ಕಮ್ಮನನ್ನು ಕೇಳಿದ.

"ನಾನು ಹೇಗೋ ಬರಲಿ? ಇವರೆಲ್ಲ ನನ್ನ ಕೋಣೇಲಿ ಬಿಡಾರ ಹೂಡಿದಾರೆ. ನಾನು ಎದ್ದು ಹೋದ್ರೆ ಇವರನ್ನ ನೋಡೋರು ಯಾರು?"

ತಮ್ಮ ಬಾಯಿ ತೆರೆದ. ಚಿಕ್ಕಮ್ಮ ಅವನನ್ನು ಮಾತಾಡಲು ಬಿಡಲಿಲ್ಲ.

"ಒಳಗೆ ಬರೋದಾದ್ರೆ ಬಾ, ಇಲ್ಲಾಂದ್ರೆ ಹೊರಡು. ಮೊದಲು ಆ ಬಾಗಿಲು ಹಾಕು."

ಅವನು ಒಳಗೆ ಬಂದು ಬಾಗಿಲು ಹಾಕಿದ. ಕೂರಲು ಜಾಗವಿರಲಿಲ್ಲವಾದ್ದರಿಂದ ಅಣ್ಣ ಸ್ವಲ್ಪ ಸರಿದು, ಬಟಾಣಿಯ ತಟ್ಟೆಯನ್ನು ಇಬ್ಬರ ನಡುವೆ ಇಟ್ಟ.