ಗೇಮ್ ಡಬ್ಬಿಯೂ ಗಂಡನ ಮಾತೂ

ನಿನ್ನೆ ಲಿಫ್ಟಿನ ತುಂಬ ಹೊಸ ಥರ್ಮಾಕೋಲಿನ ವಾಸನೆ. ಕೆಳಗಿನ ಮನೆಯ ನವಜೋಡಿ ಗೇಮ್ ಆಡುವ ಕನ್ಸೋಲ್ ತಂದಿತ್ತು. ಗಂಡ ಡಬ್ಬಿಯನ್ನು ತಬ್ಬಿಕೊಂಡಿದ್ದ, ಹೆಂಡತಿ ಅಂಗಡಿಯ ಬಿಲ್ಲು ಹಿಡಿದಿದ್ದಳು. ಸಂಸಾರ ಶುರುವಾಗುವುದೇ ಹೀಗೆ. ಎಷ್ಟಕ್ಕೆ ಕೊಟ್ಟರೆಂದು ಕೇಳಿ, ಉತ್ತರ ಕೇಳಿಸಿಕೊಂಡು, ಸುಮ್ಮನೆ ಲಿಫ್ಟಿನ ಫ್ಯಾನು ನೋಡಿದೆ. ಕೊಂಡಾದ ಮೇಲೆ ಹೇಳುವ ಬುದ್ಧಿಗೆ ಸಲಹೆ ಎನ್ನುವುದಿಲ್ಲ, ಶಾಪ ಎನ್ನುತ್ತಾರೆ. ನೀವಿನ್ನೂ ಕೊಂಡಿಲ್ಲವಲ್ಲ, ನೀವು ಕೇಳಿ.

ನಾವು ಮದುವೆಯಾಗಿ ಈ ತೆಲುಗು ಸೀಮೆಗೆ ಬಂದದ್ದು, ಮಣಿಕೊಂಡದಲ್ಲಿ ಬಂಡೆ ಒಡೆದಲ್ಲೆಲ್ಲ ಅಪಾರ್ಟ್‌ಮೆಂಟ್ ಏಳುತ್ತಿದ್ದ ಕಾಲ. ನಮ್ಮ ಮನೆಯವರದು ಸಾಫ್ಟ್‌ವೇರ್ ಕೆಲಸ. ನನ್ನದು ಜೋಳದ ರೊಟ್ಟಿ ತಟ್ಟಿ ಅದೇ ಸಾಫ್ಟ್‌ವೇರ್ ಹುಡುಗರಿಗೆ ಮಾರುವ ಕೆಲಸ. ಯಾರ ಕೆಲಸಕ್ಕೆ ಒಮ್ಮೆಯೂ ಕುತ್ತು ಬರಲಿಲ್ಲ ಎಂಬುದನ್ನು ಹೇಳಿ ಅವರ ಮನಸ್ಸು ನೋಯಿಸಲಾರೆ.

ದಿನವೆಲ್ಲ ಕಂಪ್ಯೂಟರ್ ನೋಡಿ ದಣಿದು ಬರುವ ಮನುಷ್ಯನಿಗೆ, ದಣಿವಾರಿಸಿಕೊಳ್ಳಲು ಮನೆಯಲ್ಲೂ ಒಂದು ಕಂಪ್ಯೂಟರ್ ಬೇಕಾಯಿತು. ಒಳಕೋಣೆಯಲ್ಲಿಟ್ಟರೆ ಗೇಮೂ ಆಯಿತು, ಆಫೀಸಿನ ಕೆಲಸವೂ ಆಯಿತಂತೆ. ನನಗೆ ಬೇಕಿದ್ದದ್ದು ಸಂಜೆಗೆ ಒಂದಿಷ್ಟು ಮಾತು. ಹೊರಗೆಲ್ಲ ತೆಲುಗು. ಕನ್ನಡಕ್ಕೆಂದು ಇದ್ದದ್ದು ಇವರೊಬ್ಬರೇ, ಇವರನ್ನೂ ಒಳಕೋಣೆಗೆ ಬಿಟ್ಟುಕೊಟ್ಟರೆ ಹೇಗೆ? ಕನ್ಸೋಲಿಗಾದರೆ ಟಿವಿ ಬೇಕು, ಟಿವಿ ಇರುವುದು ಪಡಸಾಲೆಯಲ್ಲಿ. ಗಂಡನೂ ಅಲ್ಲೇ ಸಿಗುತ್ತಾನೆ.

ಸಿಕಂದರಾಬಾದಿನ ಅಂಗಡಿಯವನು, "ಕಂಪ್ಯೂಟರ್ ಲೇಲೋ ಮೇಡಂ, ಬಚ್ಚೋಂಕಿ ಪಢಾಯಿ ಹೋಜಾತಿ" ಎಂದು ಮಕ್ಕಳ ಓದಿನ ಆಸೆ ತೋರಿಸಿದ.

"ಪೆಹಲೇ ಬಚ್ಚೇ ತೋ ಹೋನೇ ದೋ, ಭಾಯಿ" ಎಂದೆ. ಮಕ್ಕಳು ಮೊದಲು ಹುಟ್ಟಬೇಕಲ್ಲ.

ಮನೆಯವರು ನಾಚಿ ಕೀಬೋರ್ಡಿನ ಅಕ್ಷರ ಓದತೊಡಗಿದರು. ಅವರು ತಲೆಯೆತ್ತುವಷ್ಟರಲ್ಲಿ ಕನ್ಸೋಲ್ ಪ್ಯಾಕ್ ಆಗಿತ್ತು, ಎರಡನೆಯ ರಿಮೋಟು ಪುಕ್ಕಟೆ.

ಗಂಡ ಪಡಸಾಲೆಯಲ್ಲೇ ಕೂತರು, ನಿಜ. ಕಣ್ಣೂ ಕಿವಿಯೂ ಟಿವಿಯೊಳಗೆ. ಒಂದು ಸಂಜೆ ಪರೀಕ್ಷಿಸಿದೆ:

"ನಾ ನಿಮ್ಮನ್ನ ಬಿಟ್ಟು ತವರಿಗೆ ಹೊಂಟೀನ್ರಿ."

"ಹೂಂ, ಬರಾಗ ಕೊತಂಬರಿ ತಗೊಂಡ್ ಬಾ."

ತವರಿಗೂ ಹೋಗಲಿಲ್ಲ, ಕೊತ್ತಂಬರಿಗೂ ಹೋಗಲಿಲ್ಲ. ಇನ್ನೊಂದು ರಿಮೋಟ್ ಹಿಡಿದು ಪಕ್ಕದಲ್ಲಿ ಕೂತೆ. ಅದು ಕಾರಿನ ರೇಸು. ನನ್ನ ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಬಡಿಯಿತು.

"ಅಲ್ಲ, ಇಷ್ಟು ದೊಡ್ಡ ರಸ್ತಾ ಐತಿ, ಗ್ವಾಡಿನೇ ಬೇಕಾತೇನು ನಿನಗ?"

"ಗ್ವಾಡಿ ಕೂಡ ಮಾತಾಡಿ ರೂಢಿ ಆಗೇತ್ರಿ ನನಗ."

ಅವರು ಆಟ ನಿಲ್ಲಿಸಿ ನನ್ನ ಕಡೆ ತಿರುಗಿದರು. ಆಮೇಲೆ ಬ್ರೇಕು, ತಿರುವು, ನನ್ನ ದಡ್ಡತನ, ಊಟದವರೆಗೂ ಮಾತೇ ಮಾತು. ವ್ಯಾಪಾರ ನನಗೆ ತಿಳಿದುಹೋಯಿತು. ಬೇಗನೇ ಆಟ ಕಲಿತೆ, ಕಲಿತದ್ದನ್ನು ತೋರಿಸಲಿಲ್ಲ. ಗೆದ್ದರೆ ಪರದೆಯ ಮೇಲೊಂದು ಬಹುಮಾನದ ಕಪ್, ಸೋತರೆ ಒಂದು ಸಂಜೆಯ ಮಾತು. ಗೇಮ್ ಡಬ್ಬಿಗಳು ಬದಲಾದವು, ನಾನು ವರ್ಷಗಟ್ಟಲೆ ಕೂದಲೆಳೆಯಲ್ಲಿ ಸೋಲುತ್ತ ಬಂದೆ. "ನಿನಗಿದು ಬರಂಗಿಲ್ಲ ಬಿಡು" ಎಂದು ಅವರು ಕನಿಕರಿಸುವಾಗ ತಲೆ ತಗ್ಗಿಸುವುದಿದೆಯಲ್ಲ, ಅದು ಮಾತ್ರ ಭಾರೀ ದುಬಾರಿ ಬಾಬತ್ತು.

ನಿನ್ನೆ ಲಿಫ್ಟಿನಿಂದ ಇಳಿದು ಬಂದವಳಿಗೆ ಏನಾಯಿತೋ, ಆಟಕ್ಕೆ ಕೂತು ಗೆದ್ದೇಬಿಟ್ಟೆ. ಅವರು ಮಾತಿಲ್ಲದೆ ಎದ್ದು ಹೋದರು. ಇಷ್ಟು ವರ್ಷದ ವ್ಯಾಪಾರ ಮುಳುಗಿತೆಂದುಕೊಂಡು ರೊಟ್ಟಿ ತಟ್ಟುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಆ ಕೊನೀ ತಿರುವು ಹೆಂಗ ತಿರಗಿಸಿದಿ?"

ನನಗೆ ಬರುವುದೊಂದನ್ನು ಅವರು ಹೇಳಿಕೊಡು ಎಂದು ಕೇಳಿದ್ದು ಇದೇ ಮೊದಲು. ಹಿಟ್ಟಿನ ಕೈಯಲ್ಲೇ ತೋರಿಸತೊಡಗಿದೆ. ಪೂರ್ತಿ ಹೇಳಲಿಲ್ಲ ಅನ್ನಿ. ನಾಳೆ ಸಂಜೆಗೂ ಒಂದಿಷ್ಟು ಉಳಿಯಬೇಕಲ್ಲ.