ಬೆಳಕಿಂಡಿಯ ಮೇಲೆ ಮಲಗಿದವಳು

ಹುಟ್ಟಿದ ಮಣ್ಣು ಮನುಷ್ಯನನ್ನು ರೂಪಿಸುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮಣ್ಣು ರೂಪಿಸುವುದು ಗಡಿಗೆಯನ್ನು, ಅದೂ ಕುಂಬಾರ ಇದ್ದರೆ. ಈ ಮಾತನ್ನು ಪುಣೆಯ ಕನ್ನಡಿಗರ ಎಷ್ಟೋ ಕೂಟಗಳಲ್ಲಿ ಹೇಳಿ ಬೈಸಿಕೊಂಡಿದ್ದೇನೆ. ಈಗಲೂ ಹೇಳುತ್ತೇನೆ, ಆದರೆ ಮೊದಲಿನ ಗತ್ತು ಉಳಿದಿಲ್ಲ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನ ಪುಣೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ನಡೆದದ್ದು ಅದಕ್ಕೆ ಕಾರಣ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಬೇರೆ ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ, ಹೇಳಿದವನ ಮುಖದ ಮೇಲೆಯೇ ನಗುತ್ತಿದ್ದೆ.

ಮೊದಲು ನನ್ನ ತಿರಸ್ಕಾರ ಎಂಥದ್ದೆಂದು ತಿಳಿಸಿಬಿಡುತ್ತೇನೆ. ಮಳೆಗಾಲ ಹಿಡಿಯಿತೆಂದರೆ ಇಲ್ಲಿ ನಮ್ಮ ಕಡೆಯವರು ಯಾರದೋ ಮನೆಯಲ್ಲಿ ಸೇರುತ್ತಾರೆ. ಮಿರ್ಚಿ ಭಜಿ ತಿನ್ನುತ್ತಾರೆ. ಎರಡನೆಯ ತಟ್ಟೆ ಖಾಲಿಯಾಗುವಷ್ಟರಲ್ಲಿ ಒಬ್ಬರಾದರೂ ಕಣ್ಣು ಒದ್ದೆ ಮಾಡಿಕೊಂಡು, "ನಮ್ಮ ಕಡೆ ಮಳಿ ಅಂದ್ರ ಮಳಿ ಬಿಡ್ರಿ. ಇಲ್ಲೇನೈತಿ" ಎನ್ನುತ್ತಾರೆ. ಹೀಗೆ ಹೇಳುವ ಮಹಾನುಭಾವರು ಮಳೆಯಲ್ಲಿ ಕಾರಿನ ಗಾಜು ಇಳಿಸಿದ್ದನ್ನು ನಾನು ಕಂಡಿಲ್ಲ. ಬೆಂಗಳೂರು ಕಡೆಯ ಹುಡುಗರದು ಇನ್ನೊಂದು ರಾಗ. "ವೆದರ್ ಎಲ್ಲಾ ನಮ್ಮಲ್ಲಿ ಥರಾನೇ ಇದೆ ಸರ್, ಬಟ್ ಆ ಫೀಲ್ ಬರಲ್ಲ." ಪುಣೆಯ ಹಳೆಯ ಮಂದಿಯೇನು ಕಡಿಮೆಯಿಲ್ಲ. ಇಲ್ಲಿನ ಚಳಿ ಮೊದಲಿನಂತೆ ಉಳಿದಿಲ್ಲ ಎಂದು ಕೊರಗುತ್ತಾರೆ, ಚಳಿ ಅವರ ಅಜ್ಜ ಬಿಟ್ಟುಹೋದ ಆಸ್ತಿಯೇನೋ ಎನ್ನುವಂತೆ.

ನಾನು ಗದಗಿನ ಆಚೆಯ ಎರೆಭೂಮಿಯ ಒಂದು ಊರಿನವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಪುಣೆಯ ಪಕ್ಕದ ಪಿಂಪ್ರಿಗೆ ಬಂದು ಕಾರ್ಖಾನೆ ಸೇರಿದೆ. ಈಗ ಚಾಕಣದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಡೆ ಗುಣಮಟ್ಟ ಪರೀಕ್ಷಿಸುವ ಕೆಲಸ. ಕಬ್ಬಿಣಕ್ಕೆ ತನ್ನ ಗಣಿಯ ನೆನಪಿರುವುದಿಲ್ಲ. ಅಳತೆಗೆ ಸರಿಯಿದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟ್. ಮನುಷ್ಯನೂ ಅಷ್ಟೇ ಎಂಬುದು ನನ್ನ ಲೆಕ್ಕವಾಗಿತ್ತು.

ಈ ಲೆಕ್ಕ ಪುಕ್ಕಟೆ ಬಂದದ್ದಲ್ಲ. ಪಿಂಪ್ರಿಯ ಮೊದಲ ವರ್ಷ ನಾನೂ ಊರು ಊರು ಎಂದು ಹಲುಬಿದವನೇ. ಮಳೆ ಹನಿ ಬಿದ್ದ ಸದ್ದಾದರೆ ಸಾಕು, ನಿದ್ದೆಯಲ್ಲಿದ್ದವನು ಎದ್ದು ಬಾಗಿಲಿಗೆ ಓಡುತ್ತಿದ್ದೆ. ಕೋಣೆಯಲ್ಲಿದ್ದ ಸಾತಾರಾ, ಲಾತೂರಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅನ್ನ ಸೇರದೆ ಸೊರಗಿ ಕಡ್ಡಿಯಾದೆ. ಕಡೆಗೊಂದು ದಿನ ನನಗೇ ನನ್ನ ಮೇಲೆ ಹೇಸಿಗೆ ಬಂತು. ಅಷ್ಟಕ್ಕೇ ಬಿಟ್ಟೆ. ಹಲ್ಲು ಕೀಳಿಸಿಕೊಂಡ ಮೇಲೆ ಆ ಜಾಗದಲ್ಲಿ ನಾಲಿಗೆ ಆಡಿಸುವುದನ್ನೂ ಬಿಡಬೇಕು, ಹಾಗೆ ಬಿಟ್ಟೆ.

ಮಗಳು ಹುಟ್ಟಿದಾಗ ಒಂದು ನಿರ್ಧಾರ ಮಾಡಿದೆ. ಈ ರೋಗ ಅವಳಿಗೆ ದಾಟಬಾರದು. ಹೆಂಡತಿ ಸುನಂದಾ ಬೆಳಗಾವಿಯವಳು, ಮಗುವಿಗೆ ಅತ್ತೆಯ ಹೆಸರಿಡೋಣ ಎಂದಳು. ನಾನು ಸಾನಿಕಾ ಎಂದು ಇಟ್ಟೆ. ಮನೆಯಲ್ಲಿ ಊರಿನ ಮಾತು ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದೆ. ಎತ್ತಲು ಏನೂ ಉಳಿದಿರಲೂ ಇಲ್ಲ. ಅವ್ವ ತೀರಿಕೊಂಡಿದ್ದಳು. ಅವಳ ಹಿಂದೆಯೇ ಕಾಕಾ ಹಳೆಯ ಮನೆ ಕೆಡವಿ ಸ್ಲ್ಯಾಬು ಹಾಕಿಸಿದ. ಹಳೆಯದರ ಒಂದು ಫೋಟೋ ಸಹ ನಮ್ಮಲ್ಲಿಲ್ಲ. ಸಾನಿಕಾ ಆ ಊರನ್ನು ನೋಡಿಯೇ ಇಲ್ಲ. ಅಮ್ಮನನ್ನು ಮಮ್ಮಿ ಎನ್ನುತ್ತಾಳೆ, ಮರಾಠಿಯಲ್ಲಿ ಜಗಳವಾಡುತ್ತಾಳೆ, ಕನ್ನಡವನ್ನು ಅರ್ಧ ಅಗಿದು ನುಂಗುತ್ತಾಳೆ. ನೀನು ಯಾವ ಊರಿನವಳು ಎಂದು ಯಾರಾದರೂ ಕೇಳಿದರೆ ಭುಜ ಹಾರಿಸುತ್ತಿದ್ದಳು. ಅದನ್ನು ಕಂಡು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಇವಳು ಎಲ್ಲಿಗೆ ಬೇಕಾದರೂ ಹೋಗಬಲ್ಲಳು, ಯಾವುದನ್ನು ಬೇಕಾದರೂ ಬಿಟ್ಟು ಬರಬಲ್ಲಳು, ಯಾವ ಮಳೆಯೂ ಇವಳನ್ನು ಹಾಸಿಗೆಯಿಂದ ಎಬ್ಬಿಸಲಾರದು ಎಂದುಕೊಂಡಿದ್ದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಸಾಧನೆ ಎಂದರೆ ಅದೊಂದೇ.

ಅವತ್ತು ಭಾನುವಾರ. ಸಾನಿಕಾ ಕಾಲೇಜಿನ ಕೊನೆಯ ವರ್ಷದ ಪರೀಕ್ಷೆಗೆ ಓದಿ ಓದಿ ಊಟವಾದ ಮೇಲೆ ತನ್ನ ಕೋಣೆಯಲ್ಲಿ ಮಲಗಿದ್ದಳು. ನಮ್ಮದು ಕೊನೆಯ ಅಂತಸ್ತಿನ ಮನೆ, ಮೇಲೆ ಟೆರೇಸು. ಸುನಂದಾ ಬೆಳಿಗ್ಗೆ ಅಲ್ಲಿ ಸಂಡಿಗೆ ಹಾಕಿ ಬಂದಿದ್ದಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಗಾಳಿ ಎದ್ದು ಎದುರಿನ ಅಂಗಡಿಗಳ ಬೋರ್ಡುಗಳನ್ನು ಬಡಿಯತೊಡಗಿತು. ಮಣ್ಣಿನ ವಾಸನೆ ಬಂತು. ಈ ವಾಸನೆಯ ಬಗ್ಗೆ ಜನ ಎಷ್ಟು ಕವಿತೆ ಬರೆದಿದ್ದಾರೋ, ನನಗಂತೂ ಅದು ಧೂಳು.

ಹನಿ ಬೀಳಲು ಶುರುವಾದಾಗ ಸುನಂದಾ ಅಡುಗೆಮನೆಯಿಂದ ಬಂದಳು. "ಏನ್ರಿ, ಸಾನಿಕಾ ಕೋಣ್ಯಾಗ ಇಲ್ಲ. ಸಂಡಿಗಿ ತರಾಕ ಮ್ಯಾಲೆ ಹೋದ್ಲೇನು?"

ಕರೆದರೂ ಏಳದ ಹುಡುಗಿ ಸಂಡಿಗೆಗಾಗಿ ಎದ್ದಳೇ ಎಂದು ನಗು ಬಂತು. ಕೈಜೋಡಿಸೋಣವೆಂದು ಮೇಲೆ ಹೋದೆ. ಸಂಡಿಗೆಯ ಸೀರೆ ಹಾಸಿದಲ್ಲೇ ಇತ್ತು, ಸಂಡಿಗೆ ನೀರಾಗಿ ಹರಿಯುತ್ತಿತ್ತು. ಅವಳು ಅಲ್ಲಿರಲಿಲ್ಲ. ಟೆರೇಸಿನ ಹಿಂದಿನ ಮೂಲೆಯಲ್ಲಿ ನಮ್ಮ ಕಟ್ಟಡದ ಡಕ್ಟಿನ ಬಾಯಿ ಇದೆ. ಎಲ್ಲ ಮನೆಗಳ ಬಚ್ಚಲ ಕೊಳವೆಗಳು ಇಳಿಯುವ ಬಾವಿಯಂಥ ಸಂದು ಅದು. ಸುತ್ತ ಮೊಣಕಾಲೆತ್ತರದ ಕಟ್ಟೆ, ಮೇಲೆ ಫೈಬರ್ ಶೀಟು ಹೊದಿಸಿದ್ದರು. ಗಾಳಿಗೆ ಒಂದು ಶೀಟು ಹಾರಿಹೋಗಿತ್ತು. ಉಳಿದದ್ದು ಬಿಸಿಲಿಗೆ ಬೆಂದು ಸೀಳಿದ್ದು. ಸಾನಿಕಾ ಅದರ ಮೇಲೆ ಬೋರಲಾಗಿ ಮಲಗಿದ್ದಳು. ಈ ಕಡೆಯ ಕಟ್ಟೆಯ ಮೇಲೆ ಎದೆ, ಆ ಕಡೆಯ ಕಟ್ಟೆಯ ಮೇಲೆ ಮೊಣಕಾಲು, ನಡುವೆ ಆ ಸೀಳು ಶೀಟು, ಅದರ ಕೆಳಗೆ ನೆಲದವರೆಗೂ ಬರೀ ಕತ್ತಲೆ.

ಹೆಸರು ಹಿಡಿದು ಕರೆದೆ. ಮರಾಠಿಯಲ್ಲಿ ಕರೆದೆ. ಕಣ್ಣುಗಳು ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಹೆಗಲಿಗೆ ಕೈ ಹಾಕಿ ಎತ್ತಲು ಹೋದೆ. ಅವಳು ಮೈ ಬಿಗಿಹಿಡಿದು ಇನ್ನಷ್ಟು ಕೆಳಗೆ ಒತ್ತಿದಳು. ಹೊಟ್ಟೆಯ ಕೆಳಗೆ ಶೀಟು ಚಟಾರೆಂದಿತು. ನಾನು ಕೈ ಬಿಟ್ಟೆ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಅವಳು ಮಲಗಿದ್ದ ರೀತಿ. ಎಡಗೆನ್ನೆ ಕೆಳಗೆ, ಗಾಳಿಗೆ ಬೆನ್ನು, ಎರಡೂ ಅಂಗೈ ಎದೆಯಡಿಗೆ ಮಡಚಿಟ್ಟು, ಹಿಮ್ಮಡಿ ಜೋಡಿಸಿ.

ಇಲ್ಲಿ ನಾನು ಇಷ್ಟು ಹೊತ್ತು ಯಾರನ್ನು ಹೀಯಾಳಿಸಿದೆನೋ ಅವರ ಕೆಲಸವನ್ನೇ ಮಾಡಬೇಕಾಗಿದೆ, ಊರಿನ ಮನೆಯ ವರ್ಣನೆ. ಮಾಡದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಬೆಳಕಿಗಾಗಿ ಬಿಟ್ಟ ಕಿಂಡಿ. ಅದಕ್ಕೆ ತಗಡಿನ ಮುಚ್ಚಳ. ಬೇಸಿಗೆಯಲ್ಲಿ ಹಗೇವು ತೆಗೆದು, ನೆಲದಡಿಯ ಆ ಕಣಜದ ಜೋಳವನ್ನು ಬೆಳಕಿಂಡಿಯ ಕೆಳಗೆ ಪಡಸಾಲೆಯಲ್ಲಿ ಹರವುತ್ತಿದ್ದೆವು. ಬೀಜದ ಕಾಳೂ ಅದರಲ್ಲೇ. ಅಡ್ಡಮಳೆ ಬಂದು ಗಾಳಿಗೆ ತಗಡು ಹಾರಿದರೆ, ಮನೆಯಲ್ಲಿ ಹಗುರಾದ ಮಗು ಓಡಿಹೋಗಿ ಬೆಳಕಿಂಡಿಯ ಮೇಲೆ ಬೋರಲು ಬೀಳಬೇಕು. ದೊಡ್ಡವರು ಹೋದರೆ ನೆನೆದ ಮಾಳಿಗೆ ಕುಸಿಯುತ್ತದೆ. ಆ ಮಗು ನಾನಾಗಿದ್ದೆ. ಕೆಳಗಿನಿಂದ ಅವ್ವ "ಕಾಳು ತೊಯ್ದಿಲ್ಲ, ಇಳಿ ಇನ್ನ" ಎನ್ನುವವರೆಗೂ ಮಿಸುಕುವಂತಿಲ್ಲ. ಸಿಡಿಲು ಹೊಡೆದರೂ ಸರಿ, ಅಪ್ಪನೇ ಏಣಿಯ ಮೇಲೆ ನಿಂತು ಕರೆದರೂ ಸರಿ. ಆ ಮಾತು ಕೆಳಗಿನಿಂದಲೇ ಬರಬೇಕು, ಕಾಳು ನೋಡಿದವಳ ಬಾಯಿಂದಲೇ ಬರಬೇಕು.

ಇದನ್ನು ನಾನು ಯಾರಿಗೂ ಹೇಳಿದವನಲ್ಲ. ಸುನಂದಾಳಿಗೂ ಹೇಳಿರಲಿಲ್ಲ. ಅಂಗೈ ಎದೆಯಡಿಗೆ ಮಡಚುವುದು ಯಾರೂ ಕಲಿಸಿದ್ದಲ್ಲ, ಕಿಂಡಿಯ ಅಂಚಿನ ಕಲ್ಲು ಒತ್ತುತ್ತದೆಂದು ನಾನೇ ಕಂಡುಕೊಂಡದ್ದು.

ಮುಂದೆ ನಾನು ಮಾಡಿದ್ದನ್ನು ನೀವು ಒಪ್ಪಲಾರಿರಿ. ಮಗಳನ್ನು ಆ ಸೀಳು ಶೀಟಿನ ಮೇಲೆ ಹಾಗೆಯೇ ಬಿಟ್ಟು ನಾನು ಕೆಳಗಿಳಿದೆ. ಮೆಟ್ಟಿಲಲ್ಲಿ ಸುನಂದಾ ಎದುರಾದಳು.

"ಅಕಿ ಎಲ್ಲಿ ಅದಾಳ್ರಿ?"

"ಮ್ಯಾಲೆ" ಎಂದವನೇ ಮನೆಯೊಳಗೆ ನುಗ್ಗಿ ಬಚ್ಚಲಿಗೆ ಹೋದೆ. ಅಲ್ಲಿನ ಸಣ್ಣ ಕಿಟಕಿ ಡಕ್ಟಿಗೆ ತೆರೆಯುತ್ತದೆ. ಗಾಜಿನ ಪಟ್ಟಿಗಳನ್ನು ಕಿತ್ತು ಪಕ್ಕಕ್ಕಿಟ್ಟು, ತಲೆ ಹೊರಗೆ ಹಾಕಿ ಮೇಲೆ ನೋಡಿದೆ. ಶೀಟಿನ ಸೀಳಿನಲ್ಲಿ ಅವಳ ಹಳದಿ ಅಂಗಿ ಕಾಣುತ್ತಿತ್ತು. ಎಷ್ಟೋ ವರ್ಷ ಕೇಳದ ಅವ್ವನ ಮಾತು ನನ್ನ ಬಾಯಿಂದ ಬಂತು.

"ಕಾಳು ತೊಯ್ದಿಲ್ಲ. ಇಳಿ ಇನ್ನ."

ಮೇಲಿನಿಂದ ಉತ್ತರ ಬಂತು. ಸಾನಿಕಾಳದೇ ದನಿ, ಅದರಲ್ಲಿ ಅನುಮಾನವಿಲ್ಲ.

"ಖರೇನ ಬೇ?"

ನಿಜವೇನವ್ವ ಎನ್ನುವುದನ್ನು ನಮ್ಮೂರಿನ ಮಕ್ಕಳು ಹೀಗೆ ಕೇಳುತ್ತಾರೆ. ಪ್ರತಿ ಸಲವೂ ನಾನು ಹೀಗೇ ಕೇಳುತ್ತಿದ್ದೆ.

"ಖರೇ ಐತಿ. ಇಳಿ" ಎಂದೆ. ಹಳದಿ ಅಂಗಿ ಸೀಳಿನಿಂದ ಮರೆಯಾಯಿತು. ಒಂದು ತುಂಡು ಫೈಬರ್ ಕಿಟಕಿಯ ಮುಂದೆ ಹಾದು ಕೆಳಗೆ ಬಿತ್ತು. ಅದರ ಹಿಂದೆ ಏನೂ ಬೀಳಲಿಲ್ಲ.

ಸುನಂದಾ ಅಷ್ಟರಲ್ಲಿ ಮೇಲೆ ತಲುಪಿದ್ದಳು. ಕೂಗಿದರೆ ಹುಡುಗಿ ಬೆಚ್ಚಿ ಬಿದ್ದಾಳೆಂದು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳಂತೆ. ಕೆಳಗಿನಿಂದ ಖರೇ ಎಂಬ ನನ್ನ ದನಿ ಬಂದೊಡನೆ ಸಾನಿಕಾ ಮೊಣಕಾಲು ಹಿಂದೆ ಸರಿಸಿ, ಭಾರವನ್ನೆಲ್ಲ ಕಟ್ಟೆಯ ಮೇಲೆ ಹಾಕಿ, ದಿನವೂ ಮಾಡುವ ಕೆಲಸದಂತೆ ಎದ್ದು ನಿಂತಳಂತೆ. ತಾಯಿಯ ಕೈ ಹಿಡಿದು ಮೆಟ್ಟಿಲಿಳಿದು ಬಂದಳು. ಹಾಲಿನ ನಡುವೆ ನಿಂತು ನೀರಿಳಿಯುವ ತನ್ನ ಬಟ್ಟೆಯನ್ನು ನೋಡಿಕೊಂಡಳು. "ಮಮ್ಮಿ, ಮೀ ಓಲೀ ಕಶೀ ಝಾಲೇ?" ಎಂದು ಮರಾಠಿಯಲ್ಲಿ ಕೇಳಿದಳು. ತಾನು ಒದ್ದೆಯಾದದ್ದು ಹೇಗೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.

ವಿವರಣೆ ಕೊಡುವವರಿಗೇನು ಬರವಿಲ್ಲ. ಡಾಕ್ಟರು ನಿದ್ದೆಯಲ್ಲಿ ನಡೆಯುವ ಕಾಯಿಲೆ ಎಂದರು, ಪರೀಕ್ಷೆಯ ಒತ್ತಡ ಎಂದರು. ಅವಳು ಮೇಲೆ ನಡೆದುಹೋದದ್ದಕ್ಕೆ ಅದು ಸಾಕು, ಹಾಗೆ ಮಲಗಿದ್ದಕ್ಕೆ ಸಾಲದು. ಕೂಟದ ಹಿರಿಯರೊಬ್ಬರಿಗೆ ಸುನಂದಾ ಬಾಯಿಬಿಟ್ಟಳು. ಅವರ ಮುಖ ಊರಗಲವಾಯಿತು. "ನೋಡ್ರಿ, ಮಣ್ಣಿನ ಋಣ ಬಿಟ್ಟೀತೇನು?" ಅಂದರು. ನನ್ನ ಮಗಳು ಸಾಯುವುದರಲ್ಲಿದ್ದಳು, ಈ ಮನುಷ್ಯನಿಗೆ ಭಾಷಣಕ್ಕೊಂದು ಉದಾಹರಣೆ ಸಿಕ್ಕಿತ್ತು. ಆಮೇಲೆ ನಾನು ಅವರ ಮನೆಯ ಭಜಿ ಮುಟ್ಟಿಲ್ಲ. ನಿದ್ದೆಯಲ್ಲಿ ನಾನೇನಾದರೂ ಬಡಬಡಿಸಿ ಹುಡುಗಿ ಕೇಳಿಸಿಕೊಂಡಿರಬಹುದೇ ಎಂದು ಸುನಂದಾಳನ್ನು ಕೇಳಿದೆ. "ನಿದ್ದ್ಯಾಗ ಭಾಳ ಮಾತಾಡ್ತೀರಿ. ಆದ್ರ ಎಲ್ಲಾ ಮರಾಠ್ಯಾಗ, ಅದೂ ಕಂಪನಿ ಮಾತು" ಎಂದಳು.

ಸುನಂದಾಳಿಗೆ ಸಾನಿಕಾ ಮಾಡಿದ್ದು ಅಷ್ಟು ವಿಚಿತ್ರವಲ್ಲ. ಅವಳು ಇಂದಿಗೂ ಕೇಳುವ ಪ್ರಶ್ನೆ ಬೇರೆ. "ಅಕೀನ್ನ ಅಲ್ಲೇ ಬಿಟ್ಟು ಹೆಂಗ ಇಳದು ಬಂದ್ರಿ ನೀವು?" ಕೆಳಗಿನಿಂದ ಕೂಗಿದರೆ ಎದ್ದಾಳೆಂದು ಲೆಕ್ಕ ಹಾಕಿ ಇಳಿದೆ ಎಂದರೆ ಸುಳ್ಳಾಗುತ್ತದೆ. ಲೆಕ್ಕ ಹಾಕಿದ್ದರೆ ಅಲ್ಲೇ ನಿಂತು ಜನರನ್ನು ಕೂಗುತ್ತಿದ್ದೆ. ಮೆಟ್ಟಿಲಿಳಿಯುವಾಗ ನನ್ನ ತಲೆಯಲ್ಲಿ ಮಗಳಿರಲಿಲ್ಲ. ಕಾಳಿತ್ತು.

ಒಂದು ಮಾತನ್ನು ನಾನು ಸುನಂದಾಳಿಗೂ ಹೇಳಿಲ್ಲ. ಮೇಲಿನಿಂದ ಮಗಳು "ಖರೇನ ಬೇ" ಎಂದು ಕೇಳಿದಾಗ ನಾನು ಕೂಡಲೇ ಉತ್ತರಿಸಲಿಲ್ಲ. ಅವಳ ಭಾರಕ್ಕೆ ಶೀಟು ಕಿರುಗುಡುತ್ತಿತ್ತು. ಯಾವ ತಂದೆಯಾದರೂ ಕಣ್ಣುಮುಚ್ಚಿ ಹೌದು ಎಂದುಬಿಡುತ್ತಾನೆ. ಆದರೆ ಖರೇ ಎಂಬ ಮಾತನ್ನು ಕಾಳು ನೋಡದೆ ಹೇಳುವಂತಿಲ್ಲ. ನಾನು ಕಿಟಕಿಯಿಂದ ತಲೆ ಒಳಗೆ ತಂದೆ. ಬಚ್ಚಲ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಿಂದ ರಾಶಿಯನ್ನು ಕೆದರಿ, ಬುಡದವರೆಗೂ ನೋಡಿದೆ.

ಕಾಳು ತೊಯ್ದಿರಲಿಲ್ಲ.